ಕದ್ದ ದಮ್ಮು

ಅಣ್ಣನಿಗೆ ಬಂದದ್ದು ಎ.ಎಲ್.ಎಸ್. ಸ್ನಾಯುಗಳನ್ನು ಆಡಿಸುವ ನರಗಳೇ ಸಾಯುವ ಕಾಯಿಲೆ. ಬುದ್ಧಿ ಮಾತ್ರ ನೆಟ್ಟಗಿರುತ್ತದೆ. ಕಾಲು ಹೋಯಿತು, ಕೈ ಹೋಯಿತು. ಇನ್ನು ಉಸಿರನ್ನು ಕಾಯಬೇಕು ಎಂದರು ಕೊಪ್ಪದ ಡಾಕ್ಟರು. ಆಸ್ಪತ್ರೆಯಲ್ಲಿ ಮೂಗಿಗೆ ಕ್ಲಿಪ್ ಹಾಕಿ ಕೊಳವೆಗೆ ಊದಿಸುತ್ತಿದ್ದರು. ಮನೆಯಲ್ಲಿ ನೋಡಲು ಸುಲಭದ ದಾರಿ ಹೇಳಿಕೊಟ್ಟರು: ಪ್ರತಿ ಭಾನುವಾರ ಎದೆ ತುಂಬ ಉಸಿರೆಳೆದು, ಒಂದೇ ಉಸಿರಿನಲ್ಲಿ ಆದಷ್ಟು ಎಣಿಸುವುದು. ಎಣಿಕೆ ಇಳಿದರೆ ಫೋನ್ ಮಾಡಬೇಕು. ಆಗಿನಿಂದ ಮಲಗುವಾಗ ಮಾಸ್ಕ್ ಹಾಕಿ ಗಾಳಿ ಕೊಡುವ ಮಷಿನ್ ಶುರು ಮಾಡಬೇಕು. ತಡವಾದರೆ ಜೀವಕ್ಕೇ ಅಪಾಯ.

ಎಣಿಕೆ ಇಳಿಯಲೇ ಇಲ್ಲ. ವಾರ ವಾರವೂ ಇಪ್ಪತ್ತೈದು. ಅತ್ತಿಗೆಗೆ ಖುಷಿ, ನನಗೆ ಮೈಯೆಲ್ಲ ಉರಿ. ಅಣ್ಣನಿಗೆ ಬೆಳಿಗ್ಗೆ ಎದ್ದರೆ ತಲೆನೋವು, ಅಡ್ಡಾದರೆ ಏದುಸಿರು, ದಿಂಬು ಏರಿಸಿ ಒರಗದೆ ನಿದ್ದೆಯಿಲ್ಲ. ಇಂಥವನಿಗೆ ಇಪ್ಪತ್ತೈದು ಎಲ್ಲಿಂದ ಬರಬೇಕು?

ಮೇಗುಂದದ ಕಡೆ ಕಬಡ್ಡಿ ಆಡಿದವರಿಗೆಲ್ಲ ಅಣ್ಣ ಗೊತ್ತು. ಕಬಡ್ಡಿ ಕಬಡ್ಡಿ ಎನ್ನುತ್ತ ನುಗ್ಗಿದವನು ಒಂದೇ ದಮ್ಮಿನಲ್ಲಿ ವಾಪಸು ಬರಬೇಕು. ನಡುವೆ ಉಸಿರೆಳೆದರೆ ಔಟ್. ಅಣ್ಣ ಎಳೆಯುತ್ತಿದ್ದ. 'ಡ್ಡಿ'ಯನ್ನು ಒತ್ತಿ ಹೇಳಿ, ಆ ಸದ್ದಿನ ಮರೆಯಲ್ಲಿ ಮೂಗಿನಿಂದ ಚೂರೇ ಚೂರು. ಯಾವ ಅಂಪೈರಿಗೂ ಸಿಕ್ಕಿಬಿದ್ದವನಲ್ಲ. ಅದೇ ತಂಡದಲ್ಲಿ ಆಡಿದ ನನಗೆ ಗೊತ್ತಿತ್ತು.

ಮುಂದಿನ ಭಾನುವಾರ, ಅತ್ತಿಗೆ ಅಡುಗೆಮನೆಯಿಂದ ಬರುವ ಮೊದಲೇ ಅವನ ಮೂಗು ಹಿಡಿದೆ.

"ಎಂತ ಮಾಡ್ತೀಯ?"

"ಸುಮ್ನೆ ಎಣ್ಸು."

ಎಂಟಕ್ಕೆ ನಿಂತ.

"ಯಾರಿಗೆ ಟೋಪಿ ಹಾಕ್ತಿದೀಯ ಮಾರಾಯ? ಡಾಕ್ಟ್ರಿಗಾ?" ಎಂದು ರೇಗಿದೆ. ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಿತ್ತು.

ಅಣ್ಣನ ನಾಲಗೆ ತೊಡರುತ್ತಿತ್ತು. ತಡೆದು ತಡೆದು ಹೇಳಿದ: "ಇಪ್ಪತ್ತೈದು ಅಂದ್ಕೂಡ್ಲೆ ನಗ್ತಾಳೆ ಕಣೋ ನಿನ್ನತ್ತಿಗೆ. ವಾರಕ್ಕೆ ಅದೊಂದೇ ಸಲ."

ಆದರೂ ಫೋನ್ ತೆಗೆದು ಡಾಕ್ಟರಿಗೆ ಎಂಟು ಎಂದೆ. ನಾಳೆಯೇ ಕರೆದುಕೊಂಡು ಬನ್ನಿ ಎಂದರು.

ತಿರುಗಿದರೆ ಅತ್ತಿಗೆ ಬಾಗಿಲಲ್ಲಿದ್ದರು. ಒಳಗೆ ಬಂದು ಅಣ್ಣನ ಬೆನ್ನಿನ ದಿಂಬು ಸರಿಮಾಡಿದರು.

"ಆ ಮಾಸ್ಕ್ ಹಾಕೋದು ನಂಗೂ ಹೇಳ್ಕೊಡ್ತಾರಂತಾ?" ಎಂದರು.

ಅಣ್ಣ ಗೋಡೆ ಕಡೆ ಮುಖ ಮಾಡಿಕೊಂಡಿದ್ದ.