ದಿಂಬಿಗೆ ದಿಂಬೇ ಜೋಡಿ

ಐವತ್ತೊಂದು ವರ್ಷದ ಆ ಹೆಂಗಸನ್ನು ಪುಟ್ಟಿ ಎಂದು ಕರೆಯುವವರು ಪ್ರಪಂಚದಲ್ಲಿ ಒಬ್ಬರೇ ಉಳಿದಿದ್ದರು, ಅವಳ ಅಕ್ಕ. ಆ ಅಕ್ಕನೊಂದಿಗೆ ಮಾತು ಬಿಟ್ಟು ಏಳು ತಿಂಗಳಾಗಿತ್ತು. ಹಾಗಾಗಿ ಏಳು ತಿಂಗಳಿಂದ ಅವಳು ಯಾರಿಗೂ ಪುಟ್ಟಿಯಾಗಿರಲಿಲ್ಲ. ಆಸ್ಪತ್ರೆಯಲ್ಲಿ ಲಾಂಡ್ರಿ ಮೇಡಂ, ಕೆಳಗಿನ ಮನೆಯ ದರ್ಜಿಗೆ ಮೇಲ್ಮನೆ ಅಕ್ಕ, ಹಾಲಿನವನಿಗೆ ಅರ್ಧ ಲೀಟರ್. ಮೊದಲು ಒಂದು ಲೀಟರ್ ಆಗಿದ್ದಳು.

ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ಅವಳದು ಇಪ್ಪತ್ತಾರು ವರ್ಷದ ಕೆಲಸ. ಹೊಸದಾಗಿ ಸೇರಿದವರಿಗೆಲ್ಲ ಮೊದಲ ದಿನವೇ ಎರಡು ಮಾತು ಹೇಳುತ್ತಿದ್ದಳು. "ದಿಂಬನ್ನ ಒಂಟಿಯಾಗಿ ಹಾಕ್ಬೇಡಿ. ಎದುರುಬದುರು ಎರಡು ಇರ್ಬೇಕು. ಒಂದೇ ಹಾಕಿದ್ರೆ ನೀರು ಕುಡಿದು ಒಂದು ಕಡೆ ವಾಲುತ್ತೆ, ಮಷೀನು ಒದ್ದಾಡುತ್ತೆ." ಎರಡನೆಯದು, "ಮೇಲೆ ಒಣಗಿದ್ರೆ ಒಣಗಿದ ಹಾಗಲ್ಲ. ನಡುವೆ ಅದುಮಿ ನೋಡಿ. ಕೈಗೆ ತಣ್ಣಗೆ ಹತ್ತಿದ್ರೆ ಒಳಗೆ ನೀರಿದೆ ಅಂತ ಅರ್ಥ." ಅವಳು ಆಚೆ ಹೋದ ಮೇಲೆ ಇಸ್ತ್ರಿ ಮಾಡುವವರು ನಗುತ್ತಿದ್ದರು. "ದಿಂಬಿಗೂ ಗಂಡು ಹುಡುಕಿ ಕೊಡ್ತಾರಪ್ಪ ನಮ್ಮ ಮೇಡಂ. ತಮಗೆ ಮಾತ್ರ ಪುರುಸೊತ್ತಾಗಲಿಲ್ಲ."

ಅದು ಅವಳ ಕಿವಿಗೂ ಬಿದ್ದಿತ್ತು. ಬೇಸರವೇನೂ ಆಗಿರಲಿಲ್ಲ, ಆಗ ಮನೆಯಲ್ಲಿ ಅಕ್ಕ ಇದ್ದಳು.

ಮಹಡಿಯ ಮೇಲೆ ಎರಡು ಕೋಣೆ. ಒಳಕೋಣೆಯಲ್ಲಿ ಕಿಟಕಿಯ ಆ ಬದಿಗೆ ಒಂದು ಮಂಚ, ಈ ಬದಿಗೆ ಒಂದು ಮಂಚ. ಅಪ್ಪ ಅಮ್ಮ ಹೋದ ಮೇಲೆ ಅಕ್ಕತಂಗಿಯರಿಬ್ಬರೂ ಅಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡರು. ವಾಷಿಂಗ್ ಮಷೀನನ್ನು ಇಬ್ಬರೂ ಸೇರಿ ಕೊಂಡಿದ್ದರು. ದಿಂಬುಗಳನ್ನು ಒಂದೇ ಅಂಗಡಿಯಲ್ಲಿ ಒಂದೇ ದಿನ ತಂದಿದ್ದರು, ಎರಡೂ ಫೈಬರ್ ದಿಂಬು. ಮೂರು ತಿಂಗಳಿಗೊಮ್ಮೆ ಎರಡನ್ನೂ ಒಟ್ಟಿಗೇ ತೊಳೆಯುವುದು ಮನೆಯ ರೂಢಿ. ಅಕ್ಕ ಗವಸು ಬಿಚ್ಚುವಳು, ತಂಗಿ ಹೊಲಿಗೆ ಬಿಟ್ಟಿದೆಯೇ ಎಂದು ಅಂಚು ಸವರಿ ನೋಡುವಳು. ಇಷ್ಟು ಸಣ್ಣ ಕೆಲಸಕ್ಕೆ ಇಬ್ಬರು ಬೇಕು ಎಂದು ಆಗ ಯಾರಿಗೂ ಅನಿಸಿರಲಿಲ್ಲ.

ಅಕ್ಕ ಶಾಲೆಯೊಂದರ ಕಚೇರಿಯಲ್ಲಿದ್ದವಳು. ಐವತ್ತಾರನೆಯ ವಯಸ್ಸಿನಲ್ಲಿ, ಆ ಶಾಲೆಯ ಬಸ್ಸು ಓಡಿಸಿ ನಿವೃತ್ತನಾದ ಡ್ರೈವರನ್ನು ಮದುವೆಯಾಗುತ್ತೇನೆಂದಳು. ಅವನ ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಸೊಪ್ಪು ಸೋಸುತ್ತ ಕೂತಿದ್ದ ತಂಗಿ ತಲೆ ಎತ್ತಲಿಲ್ಲ.

"ಜನ ನಗ್ತಾರೆ," ಎಂದಳು.

"ನಗ್ಲಿ ಬಿಡು. ನಾನೂ ಸ್ವಲ್ಪ ನಗ್ತೀನಿ."

ತಂಗಿಗೆ ಆ ಉತ್ತರದಲ್ಲಿದ್ದ ಹಗುರವೇ ತಡೆಯಲಾಗಲಿಲ್ಲ. "ಹಾಗಾದ್ರೆ ಹೋಗು. ಹೋಗುವಾಗ ನಿಂದು ಅಂತ ಇರೋದೆಲ್ಲಾ ತಗೊಂಡು ಹೋಗು. ಒಂದು ಪಿನ್ನೂ ಬಿಡ್ಬೇಡ." ಮಾತು ಆಡಿದರೆ ಹೋಯಿತು. ಅಕ್ಕ ಬಟ್ಟೆ, ಕನ್ನಡಕದ ಡಬ್ಬಿ, ಹೊದಿಕೆ ಎಲ್ಲವನ್ನೂ ಕಟ್ಟಿ, ಕೊನೆಗೆ ದಿಂಬನ್ನು ಕಂಕುಳಲ್ಲಿ ಇಟ್ಟುಕೊಂಡು ಮೆಟ್ಟಿಲಿಳಿದಳು. ರಿಜಿಸ್ಟರ್ ಆಫೀಸಿನಲ್ಲಿ ಸಹಿ ಹಾಕಿದ ದಿನ ತಂಗಿ ಆಸ್ಪತ್ರೆಯಲ್ಲಿ ಹಾಸಿಗೆಯ ಚಾದರ ಮಡಚುತ್ತಿದ್ದಳು. ಅಕ್ಕನ ಹೊಸ ಮನೆ ಅದೇ ಊರಿನ ಇನ್ನೊಂದು ತುದಿ, ಬಸ್ಸಿನಲ್ಲಿ ನಲವತ್ತು ನಿಮಿಷ. ಮೊದಲು ಮಾತಾಡಿಸಬೇಕಾದವರು ಯಾರು ಎಂದು ತೀರ್ಮಾನವಾಗದೆ ಏಳು ತಿಂಗಳು ಕಳೆದವು.

ಈ ನಡುವೆ ಪುಟ್ಟಿಗೆ ಮೂರು ದಿನ ಜ್ವರ ಬಂತು. ತಾನೇ ಎದ್ದು ಗಂಜಿ ಕಾಯಿಸಿಕೊಂಡಳು, ತಾನೇ ಹಣೆ ಮುಟ್ಟಿ ನೋಡಿಕೊಂಡಳು. ಬಿಸಿಯಾದ ಕೈಗೆ ಬಿಸಿಯಾದ ಹಣೆ ತಿಳಿಯುವುದಿಲ್ಲ ಎನ್ನುವುದು ಆಗ ಗೊತ್ತಾಯಿತು. ನಾಲ್ಕನೆಯ ದಿನ ಮೈ ಬೆವರಿ ಜ್ವರ ಬಿಟ್ಟಿತು. ದಿಂಬಿನಲ್ಲಿ ಹಳದಿ ಕಲೆಯೂ ಹುಳಿ ವಾಸನೆಯೂ ಉಳಿದವು.

ಭಾನುವಾರ ಬೆಳಿಗ್ಗೆ ಅದನ್ನು ಮಷೀನಿಗೆ ಹಾಕಿದಳು. ಒಂಟಿಯಾಗಿ ಹಾಕಬಾರದೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಆ ಊರಲ್ಲಿ ಇರಲಾರರು. ಆದರೂ ಹಾಕಿದಳು. ಎದುರಿಗೆ ತೂಕಕ್ಕೆಂದು ಎರಡು ಟವೆಲ್ ಸುರುಳಿ ಸುತ್ತಿ ಇಟ್ಟಳು. ತೊಳೆಯುವಾಗ ಎಲ್ಲ ಸರಿಯಿತ್ತು. ಹಿಂಡುವ ಹೊತ್ತಿಗೆ ಟವೆಲ್ ಬಿಚ್ಚಿಕೊಂಡು ದಿಂಬಿಗೇ ಸುತ್ತಿಕೊಂಡವು. ಮಷೀನು ಧಡಧಡ ಎಂದು ಗೋಡೆಗೆ ಗುದ್ದಿತು, ಗೇಣುದ್ದ ಮುಂದೆ ಬಂತು, ಹಿಂದಿನ ಪೈಪು ಕಳಚಿ ನೀರು ಮೆಟ್ಟಿಲ ಮೇಲೆ ಹರಿಯಿತು. ಅವಳು ಸ್ವಿಚ್ಚು ಆರಿಸುವಷ್ಟರಲ್ಲಿ ದರ್ಜಿ ಬಾಗಿಲಲ್ಲಿದ್ದ. ಕೊರಳಲ್ಲಿ ಅಳತೆ ಟೇಪು, ಕೈಯಲ್ಲಿ ಒದ್ದೆಯಾದ ಬಟ್ಟೆಯ ತುಂಡು.

"ಅಕ್ಕಾ, ನಿಮ್ಮ ಮಷೀನು ನಡೆಯೋದಕ್ಕೆ ಕಲೀತಾ? ಇನ್ನು ನಾಕು ಹೆಜ್ಜೆ ಹಾಕಿದ್ರೆ ನಮ್ಮನೆಗೇ ಬಂದ್ಬಿಡುತ್ತೆ."

"ಬಟ್ಟೆ ಹಾಳಾಯ್ತಾ?"

"ಲಂಗದ ಒಳಪದರ, ಬಿಡಿ. ಏನು ಹಾಕಿದ್ರಿ, ಕಲ್ಲಾ?" ಎಂದು ಬಗ್ಗಿ ನೋಡಿದ. "ಓ, ದಿಂಬು. ಇನ್ನೊಂದು ಎಲ್ಲಿ? ನೀವು ಯಾವಾಗ್ಲೂ ಎರಡು ಒಣಗಿಸ್ತಿದ್ರಲ್ಲ."

ಅವಳು ಪೈಪನ್ನು ತಿರುಗಿಸಿ ಕೂಡಿಸುತ್ತಿದ್ದಳು. ದರ್ಜಿಗೆ ನೆನಪಾಗಿರಬೇಕು, ಟೇಪನ್ನು ಸುಮ್ಮನೆ ಬೆರಳಿಗೆ ಸುತ್ತಿದ. "ನಮ್ಮನೇದು ತಂದುಕೊಡ್ಲಾ? ಮೂರು ಮಕ್ಕಳು ಜೊಲ್ಲು ಸುರಿಸಿದ್ದು, ತೂಕ ಚೆನ್ನಾಗಿದೆ."

"ಬೇಡಪ್ಪ," ಎಂದಳು. "ಬೇರೆಯವರದ್ದು ಹೊಂದಲ್ಲ."

ಅವನು ಹೋದ ಮೇಲೆ ದಿಂಬನ್ನು ಎತ್ತಿ ತೆಗೆದಳು. ನೀರು ಕುಡಿದು ಮಗುವಿನಷ್ಟು ಭಾರವಾಗಿತ್ತು. ಬಕೆಟ್ಟಿನ ಮೇಲೆ ಹಿಡಿದು ಅದುಮಿದಳು, ನೀರು ಇಳಿಯಿತು, ಇನ್ನೂ ಅದುಮಿದಳು, ಇನ್ನೂ ಇಳಿಯಿತು. ಮೂರು ದಿನದ ಜ್ವರದಲ್ಲಿ ಬಾರದಿದ್ದ ಯೋಚನೆ ಈಗ ಬಂತು: ಆ ನಾಲ್ಕನೆಯ ದಿನ ಬೆಳಗಾಗದೇ ಹೋಗಿದ್ದರೆ, ಅಕ್ಕನಿಗೆ ಫೋನು ಮಾಡಲು ಯಾರಿಗೆ ತೋಚುತ್ತಿತ್ತು? ಕೈ ಒರೆಸಿಕೊಂಡು ಫೋನು ತೆಗೆದುಕೊಂಡಳು. ಆ ಕಡೆ ಎರಡನೇ ರಿಂಗಿಗೇ ಎತ್ತಿದರು.

"ನಿನ್ನ ದಿಂಬು ತೊಳೆದು ಎಷ್ಟು ದಿನ ಆಯ್ತು?" ಎಂದಳು ಪುಟ್ಟಿ.

ಅಕ್ಕನ ದನಿ ಬಂತು. "ಏಳು ತಿಂಗಳಾದ್ಮೇಲೆ ಕೇಳೋ ಪ್ರಶ್ನೇನೇ ಇದು?"

"ಇಲ್ಲಿ ಮಷೀನು ಒದ್ದಾಡ್ತಿದೆ."

"ಮಷೀನಾ?"

"ಹ್ಞೂಂ. ಮಷೀನೇ."

"ಇರು, ಹನ್ನೊಂದರ ಬಸ್ಸಿಗೆ ಬರ್ತೀನಿ."

ಅಕ್ಕ ಬಟ್ಟೆಯ ಚೀಲದಲ್ಲಿ ದಿಂಬು ತುರುಕಿಕೊಂಡು ಬಂದಳು. ಚಪ್ಪಲಿ ಬಿಟ್ಟು, ನೆಲ ಒದ್ದೆಯಿರುವುದನ್ನು ನೋಡಿ, ಕೇಳದೆಯೇ ಒರೆಸುವ ಬಟ್ಟೆ ಹುಡುಕಿದಳು. ಅದು ಮೊದಲಿನ ಜಾಗದಲ್ಲೇ ಇತ್ತು. ಪುಟ್ಟಿ ಗವಸು ಬಿಚ್ಚಿದಳು. ಮೊದಲು ಅಕ್ಕನ ದಿಂಬಿನಲ್ಲಿ ತಗ್ಗು ನಟ್ಟನಡುವೆ ಇರುತ್ತಿತ್ತು, ಈಗ ಒಂದು ಅಂಚಿಗೆ ಸರಿದಿತ್ತು. ಒಂದು ಮಗ್ಗುಲಿಗೆ ತಿರುಗಿ ಮಲಗುವುದನ್ನು ಕಲಿತಿದ್ದಾಳೆ ಎಂದುಕೊಂಡಳು. ಅಂಚು ಸವರಿ ನೋಡಿದಳು. ಹೊಲಿಗೆ ಗಟ್ಟಿಯಾಗಿತ್ತು.

ಎರಡನ್ನೂ ಎದುರುಬದುರು ನಿಲ್ಲಿಸಿದರು. ಮಷೀನು ಸದ್ದಿಲ್ಲದೆ ತಿರುಗಿತು. ಇಬ್ಬರೂ ಅಡುಗೆಮನೆಯ ಹೊಸ್ತಿಲ ಮೇಲೆ ಚಹಾ ಹಿಡಿದು ಕೂತರು.

"ನಿಮ್ಮ ಭಾವ ಗೊರಕೆ ಹೊಡೀತಾರೆ ಕಣೇ," ಎಂದಳು ಅಕ್ಕ.

"ನೀನೂ ಹೊಡೀತಿದ್ದೆ."

"ನಾನಾ? ಯಾವತ್ತೂ ಹೇಳೇ ಇಲ್ಲ."

"ಹೇಳೋವಷ್ಟು ತೊಂದರೆ ಏನಿರ್ಲಿಲ್ಲ." ಪುಟ್ಟಿ ಲೋಟದ ಅಂಚು ನೋಡುತ್ತಿದ್ದಳು. "ಹುಟ್ಟಿದಾಗಿನಿಂದ ನನ್ನ ಒಂದು ಮಾತೂ ಕೇಳಿದವಳಲ್ಲ ನೀನು. ಒಂದು ಪಿನ್ನೂ ಬಿಡ್ಬೇಡ ಅಂದಿದ್ದು ಮಾತ್ರ ಕೇಳಿದ್ಯಲ್ಲ."

ಅಕ್ಕ ಲೋಟ ಕೆಳಗಿಟ್ಟಳು. "ಜ್ವರ ಬಂದಿತ್ತಾ ನಿನಗೆ?"

"ಯಾರು ಹೇಳಿದ್ರು?"

"ದಿಂಬು ನೋಡಿದೆ. ಹಳದಿ ಕಲೆ ಪೂರ್ತಿ ಹೋಗಿರ್ಲಿಲ್ಲ."

ಪುಟ್ಟಿ ಎದ್ದು ಹೋಗಿ ಮಷೀನಿನ ಮೇಲೆ ಕೈಯಿಟ್ಟು ನಿಂತಳು, ಅದು ಅಲುಗಾಡುತ್ತಿದೆ ಎನ್ನುವಂತೆ.

ಐದು ಗಂಟೆಯ ಬಸ್ಸಿಗೆ ಅಕ್ಕ ಹೊರಟಳು, ಭಾವ ಸ್ಟಾಪಿನಲ್ಲಿ ಕಾಯುತ್ತಿರುತ್ತಾರೆ. ದಿಂಬು ಒಣಗಲು ಎರಡು ದಿನವಾದರೂ ಬೇಕು. ಖಾಲಿ ಚೀಲವನ್ನು ಮಡಚಿಕೊಂಡು ಅವಳು ಇಳಿದಾಗ ಮೆಟ್ಟಿಲಿನ ಒಂದೊಂದು ಸದ್ದೂ ಮೇಲೆ ಕೇಳಿಸಿತು. ಆಮೇಲೆ ಗೇಟು. ಆಮೇಲೆ ದರ್ಜಿಯ ಹೊಲಿಗೆ ಯಂತ್ರ ಒಂದೇ.

ಮುಂದಿನ ಎರಡು ದಿನ ಪುಟ್ಟಿ ಕೆಲಸಕ್ಕೆ ಹೋಗುವ ಮೊದಲು, ಬಂದ ಮೇಲೆ, ಬಾಲ್ಕನಿಯ ಎರಡು ಕುರ್ಚಿಗಳ ಮೇಲಿದ್ದ ದಿಂಬುಗಳನ್ನು ತಟ್ಟಿ ತಿರುವಿ ಹಾಕಿದಳು. ತೊಳೆದ ಮೇಲೆ ತಗ್ಗುಗಳು ಮಾಯವಾಗಿ ಎರಡೂ ಒಂದೇ ಆಗಿದ್ದವು. ಎಡಗಡೆಯ ಕುರ್ಚಿ ಅಕ್ಕನದು ಎಂದು ನೆನಪಿಟ್ಟುಕೊಂಡಳು.

ಬುಧವಾರ ಅವಳು ಬಾಕಿ ಇದ್ದ ಒಂದು ರಜೆ ಹಾಕಿದ್ದಳು. ಮಧ್ಯಾಹ್ನ ಅಕ್ಕನ ಫೋನು ಬಂತು.

"ಒಣಗ್ತೇನೇ ಪುಟ್ಟಿ?"

ಪುಟ್ಟಿ ಬಾಲ್ಕನಿಗೆ ಹೋದಳು. ಬಿಸಿಲು ಕಣ್ಣು ಬಿಡಲಾಗದಂತೆ ಹೊಡೆಯುತ್ತಿತ್ತು. ಎಡಗಡೆಯ ದಿಂಬಿನ ನಡುವೆ ಅಂಗೈ ಒತ್ತಿದಳು. ಅದು ಆಗತಾನೆ ಇಸ್ತ್ರಿ ಮಾಡಿದ ಬಟ್ಟೆಯಂತೆ ಸುಡುತ್ತಿತ್ತು.

"ಇಲ್ಲ ಕಣೇ ಅಕ್ಕ. ಒಳಗೆ ಇನ್ನೂ ತಣ್ಣಗಿದೆ."

"ಹೌದಾ," ಎಂದಳು ಅಕ್ಕ. "ಇಲ್ಲೂ ಅಂಥ ಬಿಸಿಲೇನಿಲ್ಲ ಬಿಡು. ಭಾನುವಾರ ಬಂದು ನೋಡ್ತೀನಿ."

ಒಂದೇ ಊರು, ಒಂದೇ ಬಿಸಿಲು. ಪುಟ್ಟಿ ಫೋನು ಇಟ್ಟು, ದಿಂಬನ್ನು ಮಗ್ಗುಲು ಬದಲಿಸಿ, ಮತ್ತೆ ಬಿಸಿಲಿಗೆ ಇಟ್ಟಳು.