ಸಾಗವಾನಿಯ ‘ಲಿ’

ಮಗಳು ಹುಬ್ಬಳ್ಳಿಯಲ್ಲಿ ಬೋರ್ಡಿನ ಅಂಗಡಿ ಇಟ್ಟಿದ್ದಾಳೆ. ಅಕ್ಷರಗಳನ್ನು ಕಂಪ್ಯೂಟರಿನಲ್ಲೇ ಉಬ್ಬಿಸಿ, ದಪ್ಪ ಕೊಟ್ಟು, ಎಲ್ಲ ದಿಕ್ಕಿಗೂ ತಿರುಗಿಸಿ ನೋಡುವುದು ಅವಳ ಕೆಲಸ. ಕಟ್ಟಿಗೆಯ ಅಕ್ಷರದ ಮಾದರಿ ಬೇಕೆಂದು ಮೊನ್ನೆ ನನ್ನ ಟ್ರಂಕಿನಿಂದ ಸಾಗವಾನಿಯ ಒಂದು ‘ಲಿ’ ಎತ್ತಿಕೊಂಡು ಹೋದಳು. ಅಳತೆ ಹಿಡಿದು ತೆರೆಯ ಮೇಲೆ ಅಂಥದ್ದೇ ಇನ್ನೊಂದನ್ನು ಮಾಡಿ, ನಾನು ಅಂಗಡಿಗೆ ಹೋದಾಗ ಗರ್ರನೆ ತಿರುಗಿಸಿ ಅದರ ಬೆನ್ನು ತೋರಿಸಿದಳು. ನನಗೆ ಕಾಕಾ ನೆನಪಾದರು...

ಎಂಬತ್ತರ ದಶಕ. ಗುಡಗೇರಿ ಸ್ಟೇಷನ್ನಿನಲ್ಲಿ ಇಳಿದು ನಡೆದು ಹೋಗಬೇಕಾದ ಒಂದು ಹಳ್ಳಿಯಲ್ಲಿ ನಾನು ಹಂಗಾಮಿ ಟೀಚರು. ಬಾಜೂ ಮನೆಯಲ್ಲಿ ಬಡಿಗತನದ ಕಾಕಾ. ಹೊಲಕ್ಕೆ ಕುಂಟೆ, ಮಲಗಲು ಹೊರಸು ಮಾಡಿ ಉಳಿದ ಹೊತ್ತಿನಲ್ಲಿ ಅಂಗಡಿಗಳಿಗೆ ಕಟ್ಟಿಗೆಯ ಅಕ್ಷರ ಕೊರೆದು ಕೊಡುತ್ತಿದ್ದರು. ಸುತ್ತಲಿನ ಹಳ್ಳಿಗಳಲ್ಲಿ ಅಂಥ ಅಕ್ಷರ ಮಾಡುವವರು ಇನ್ನೊಬ್ಬರಿರಲಿಲ್ಲ, ಅದರ ಜಂಬವೂ ಅವರಿಗೆ ತುಸು ಇತ್ತು. ಒಂದು ಅಕ್ಷರ ಮುಗಿದರೆ ಮೊದಲು ಅದನ್ನು ಬೋರಲು ಹಾಕಿ ಬೆನ್ನಿನ ಮೇಲೆ ಹೆಬ್ಬೆರಳು ಆಡಿಸುತ್ತಿದ್ದರು.

“ಹಿಂದ ಯಾರ ನೋಡ್ತಾರ ಕಾಕಾ?” ಎಂದು ನಾನು ಚೇಷ್ಟೆ ಮಾಡಿದರೆ, ಗೋಡೆಯತ್ತ ಕೈ ಮಾಡಿ “ಗ್ವಾಡಿ ನೋಡತೈತಲ್ರಿ ಅಕ್ಕೋರ” ಅನ್ನುವರು.

ಅವರಿಗೆ ಉರ್ದು ಓದಲು ಬರುತ್ತಿತ್ತು, ಕನ್ನಡ ಬರುತ್ತಿರಲಿಲ್ಲ. ಇದು ಗೊತ್ತಿದ್ದದ್ದು ನನಗೊಬ್ಬಳಿಗೇ. ಮೊಳೆ ಹೊಡೆಯುವಾಗ ಉರ್ದುವಿನ ಹಾಗೆ ಬಲಗಡೆಯ ಕೊನೆಯ ಅಕ್ಷರದಿಂದ ಶುರು ಮಾಡುವುದನ್ನು ನೋಡಿ ಹಿಡಿದುಬಿಟ್ಟಿದ್ದೆ. “ಯಾರ ಮುಂದೂ ಅನಬ್ಯಾಡ್ರಿ. ಓದಾಕ ಬರದವಗ ಅಕ್ಷರದ ಕೆಲಸ ಯಾರ ಕೊಡ್ತಾರ?” ಎಂದು ಕೇಳಿಕೊಂಡರು. ಅಂದಿನಿಂದ ಬೇಕಾದುದನ್ನು ನಾನೇ ದೊಡ್ಡದಾಗಿ ಬರೆದು ಕೊಡುತ್ತಿದ್ದೆ. ಅವರು ಗೆರೆ ತಪ್ಪದಂತೆ ಕೊರೆಯುತ್ತಿದ್ದರು.

ನಮ್ಮ ಶಾಲೆಗೆ ಹೊಸ ಕಟ್ಟಡ ಬಂತು. ಬಾಗಿಲ ಮೇಲೆ ಸಾಗವಾನಿಯ ಅಕ್ಷರಗಳೇ ಬೇಕೆಂದರು ಹೆಡ್‌ಮಾಸ್ತರರು. ಉದ್ಘಾಟನೆಯ ದಿನ ಬೆಳಿಗ್ಗೆ ಕಾಕಾ ಮೊಳೆ ಹೊಡೆದು ಇಳಿದ ಕೂಡಲೇ ಪರದೆ ಬಿಟ್ಟರು. ಧಾರವಾಡದಿಂದ ಬಂದ ಸಾಹೇಬರು ಅದನ್ನು ಸರಿಸಿದಾಗ ಮೇಲೆ ‘ಹೆಣ್ಣುಮಕ್ಕಳ ಶಾಲಿ’ ಎಂದಿತ್ತು.

ಬರೆದವಳು ನಾನು. ಅವಸರದಲ್ಲಿ, ಬಾಯಿಗೆ ಬಂದಂತೆ ಕೈಗೂ ಬಂದಿತ್ತು. ಆ ‘ಲಿ’ ಕಾಕಾರ ಅಂಗಳದಲ್ಲಿ ಮೂರು ದಿನ ಬಿದ್ದಿತ್ತು, ದಾಟಿಕೊಂಡೇ ಓಡಾಡಿದ್ದೆ. ದಿನವಿಡೀ ‘ಶಾಲಿ, ಶಾಲಿ’ ಅನ್ನುವವಳಿಗೆ ಅದು ತಪ್ಪಾಗಿ ಕಾಣುವುದಾದರೂ ಹೇಗೆ?

ಹುಡುಗಿಯರು ಕಿಸಕ್ಕೆಂದರು. “ಯಾರ ಬರದ್ರಿದನ್ನ?” ಎಂದು ಹೆಡ್‌ಮಾಸ್ತರರು ಗುಡುಗಿದರು. ನನ್ನನ್ನು ಮುಂದುವರಿಸುವ ಆರ್ಡರು ಅವರ ಕೈಯಲ್ಲಿತ್ತು. ಊರಲ್ಲಿ ತಂಗಿಯರಿಬ್ಬರು ನನ್ನ ಪಗಾರದ ಮೇಲೆ ಓದುತ್ತಿದ್ದರು. ನನ್ನ ಕೈಬರಹದ ಚೀಟಿ ಕಾಕಾರ ಅಂಗಿಯ ಕಿಸೆಯಿಂದ ಇಣುಕುತ್ತಿತ್ತು. ಕಾಕಾ ನನ್ನ ಮುಖ ನೋಡಿದರು. ಚೀಟಿಯನ್ನು ಬೆರಳಿನಿಂದ ಒಳಗೆ ತಳ್ಳಿದರು.

“ಅಕ್ಕೋರು ಬರೋಬ್ಬರಿ ಬರದಿದ್ರು ಸಾಹೇಬ್ರ. ನನಗ ಕನ್ನಡ ಓದಾಕ ಬರೂದಿಲ್ಲ. ತಪ್ಪ ನಂದು.”

ಇಡೀ ಊರಿನ ಎದುರು ಹೇಳಿದರು. ನಾನು ತುಟಿ ಬಿಚ್ಚಲಿಲ್ಲ.

ಮಧ್ಯಾಹ್ನವೇ ಹೊಸ ‘ಲೆ’ ಮಾಡಿ ಹೊಡೆದರು. ಹಳೆಯದನ್ನು ನನ್ನ ಕೈಗಿಟ್ಟು, “ಇಟ್ಕೋರಿ. ತಪ್ಪಿದ್ರೂ ಸಾಗವಾನಿ ಐತಿ” ಎಂದು ನಕ್ಕರು. ನನಗೆ ಅಳು ಬಂತು, ಹೆಡ್‌ಮಾಸ್ತರರ ಮನೆಗೆ ಹೋಗುವ ಧೈರ್ಯ ಮಾತ್ರ ಬರಲಿಲ್ಲ. ನನ್ನ ಕೆಲಸ ಉಳಿಯಿತು. ಕಾಕಾರಿಗೆ ಆಮೇಲೆ ಒಂದು ಅಕ್ಷರದ ಕೆಲಸವೂ ಬರಲಿಲ್ಲ. ಮಾತು ಕೊಟ್ಟಿದ್ದ ಗುಡಗೇರಿಯ ಕಾಳಿನ ವ್ಯಾಪಾರಿಯೂ ಪೇಂಟರನನ್ನು ಹುಡುಕಿಕೊಂಡ.

ನಾನು ಅಳ್ನಾವರಕ್ಕೆ ವರ್ಗವಾಗಿ ಹೊರಟ ದಿನ ಕಾಕಾ ಕುಂಟೆ ಕೆತ್ತುತ್ತಿದ್ದರು. ಅದರ ಮೇಲೂ ಹೆಬ್ಬೆರಳು ಆಡಿಸಿ ನೋಡುತ್ತಿದ್ದರು. ಮುಂದಿನ ಸಲ ಬಂದಾಗ ಎಲ್ಲರಿಗೂ ನಿಜ ಹೇಳಿಬಿಡುತ್ತೇನೆ ಅಂದುಕೊಂಡೆ... ಮುಂದಿನ ಸಲ ಹೋದಾಗ ಆ ಅಂಗಳದಲ್ಲಿ ಬೇರೆಯವರು ಎಮ್ಮೆ ಕಟ್ಟಿದ್ದರು. ಕಾಕಾ ತೀರಿಕೊಂಡು ವರ್ಷವಾಗಿತ್ತಂತೆ.

ಮಗಳು ಏನೋ ಒತ್ತಿದಳು, ತೆರೆಯ ಮೇಲಿನ ‘ಲಿ’ ಕಣ್ಣು ಮಿಟುಕಿಸುವುದರೊಳಗೆ ‘ಲೆ’ ಆಯಿತು. “ತಪ್ಪಾದ್ರ ಇಷ್ಟ ನೋಡವ್ವಾ” ಅಂದಳು. ಆಮೇಲೆ ಕಟ್ಟಿಗೆಯದನ್ನು ಎತ್ತಿಕೊಂಡು, “ಇದು ಆ ಬಡಿಗ್ಯಾರ ಕಾಕಾ ತಪ್ಪಿ ಕೊರದಿದ್ದಲ್ಲ?” ಎಂದು ಕೇಳಿದಳು.

ಅವಳಿಗೂ ನಾನು ಹಾಗೆಂದೇ ಹೇಳಿಕೊಂಡು ಬಂದಿದ್ದೆ.

“ಇಲ್ಲವ್ವಾ. ಅವರು ನಾ ಬರದಂಗನ ಕೊರದಿದ್ರು. ತಪ್ಪ ನಂದು.”

ಈ ಮಾತು ಕೇಳಬೇಕಾಗಿದ್ದ ಊರು ಅಲ್ಲಿರಲಿಲ್ಲ, ಕಾಕಾ ಎಲ್ಲಿಯೂ ಇಲ್ಲ. ಮಗಳು ‘ಲಿ’ಯನ್ನು ಬೋರಲು ಮಾಡಿ ನನ್ನ ಅಂಗೈಗಿಟ್ಟಳು. ಹೆಬ್ಬೆರಳು ಆಡಿಸಿದೆ. ಬೆನ್ನು ಇನ್ನೂ ನುಣ್ಣಗಿದೆ.