ಅವ್ವನ ಪಾಸ್‌ವರ್ಡ್

ನಮ್ಮ ಮನೆಯಲ್ಲಿ ಬಚ್ಚಲುಮನೆಯೊಂದನ್ನು ಬಿಟ್ಟರೆ ಬೇರೆ ಯಾವ ಬಾಗಿಲಿಗೂ ಒಳಗಿನಿಂದ ಚಿಲಕ ಹಾಕುವ ರೂಢಿಯಿಲ್ಲ. ಮಾಳಮಡ್ಡಿಯ ನಮ್ಮ ಓಣಿಯೇ ಹಾಗೆ. ಹಾಡುಹಗಲಲ್ಲಿ ಬಾಗಿಲು ಮುಚ್ಚಿದರೆ ‘ಯಾಕ್ರಿ, ಆರಾಮ ಇಲ್ಲೇನು?’ ಎಂದು ನಾಲ್ಕು ಮಂದಿ ಕೇಳಿಕೊಂಡು ಬರುತ್ತಾರೆ. ಇಂಥ ಮನೆಯಲ್ಲಿ ಕೂತು ನಾನು ಫೈಲ್ ಸರ್ವರಿಗೆ ಪಾಸ್‌ವರ್ಡ್ ಹಾಕಲು ಹೊರಟೆನೆಂದರೆ ನನ್ನ ಬುದ್ಧಿಯ ಮಟ್ಟ ನಿಮಗೆ ತಿಳಿದಿರಬೇಕು.

ಸರ್ವರ್ ಎಂದರೆ ದೊಡ್ಡದೇನಲ್ಲ. ಟೀವಿಯ ಕೆಳಗೆ ಕೂತಿರುವ, ಚಪಾತಿ ಡಬ್ಬಿಯ ಗಾತ್ರದ ಪೆಟ್ಟಿಗೆ. ಮನೆಮಂದಿಯ ಫೋಟೊ, ವಿಡಿಯೊ, ಕಾಗದಪತ್ರಗಳ ಪ್ರತಿ ಎಲ್ಲ ಅದರ ಹೊಟ್ಟೆಯಲ್ಲಿ. ಒಳಬರಲು ಹೆಸರು ಬೇಕಿಲ್ಲ, ಗುರುತು ಬೇಕಿಲ್ಲ. ಎಲ್ಲರಿಗೂ ಒಂದೇ ಅತಿಥಿ ಖಾತೆ. ತಿಥಿ ನೋಡದೆ ಬರುವವನೇ ಅತಿಥಿ ಎಂದು ಹಿಂದಿನವರು ಅರ್ಥ ಹೇಳಿದ್ದುಂಟು. ಬಂದವನು ಅಟ್ಟದ ಮೇಲಿನ ಟ್ರಂಕನ್ನೂ ತೆರೆಯಬಹುದೆಂದು ಹೇಳಿರಲಿಲ್ಲ. ಹೋದ ತಿಂಗಳು ಪಕ್ಕದ ಮನೆಯ ಗಂಗಕ್ಕ ಕೊತ್ತಂಬರಿ ಕೇಳಲು ಬಂದವರು, ‘ನಿಮ್ಮ ಮದುವಿ ವಿಡಿಯೊ ನಿನ್ನಿ ಪೂರಾ ನೋಡಿದಿವ್ರಿ. ಊಟದಾಗ ನೀವು ಭಾಳ ಸಿಟ್ಟಾಗಿದ್ರಿ ಬಿಡ್ರಿ’ ಎಂದರು. ನಾನು ಹೌಹಾರಿದೆ. ನಮ್ಮ ವೈಫೈ ಅವರಿಗೂ ಕೊಟ್ಟಿದ್ದೆವು. ಅದರ ಬೆನ್ನಿಗೆ ನಮ್ಮ ಇಡೀ ಸಂಸಾರ ಅವರ ಟೀವಿಗೆ ಹೋಗಿತ್ತು.

ಆ ರವಿವಾರವೇ ಅತಿಥಿ ಖಾತೆ ಮುಚ್ಚಿದೆ. ಒಬ್ಬೊಬ್ಬರಿಗೂ ಒಂದು ಖಾತೆ, ಪೆಟ್ಟಿಗೆಯೊಳಗೇ ಒಂದು ಕೋಣೆ. ಪಾಸ್‌ವರ್ಡ್ ಯಾರಿಗೂ ಹೇಳಬೇಡಿ ಎಂದು ತಾಕೀತು ಮಾಡಿದೆ. ಊಟಕ್ಕೆ ಕೂತಾಗ ನನ್ನ ಹೆಂಡತಿ ಸುಮಾ ರೊಟ್ಟಿ ಬಡಿಸುತ್ತ ತನ್ನದನ್ನು ಹೇಳಿಯೇಬಿಟ್ಟಳು. ‘ಮುಚ್ಚಿಡಾಕ ನಂದೇನೈತಿ?’ ಅಣ್ಣನೂ ಹೇಳಿದ, ಸ್ಪೆಲ್ಲಿಂಗ್ ಸಮೇತ. ಹೇಳದಿದ್ದರೆ ಉಳಿದವರು ತಪ್ಪು ತಿಳಿದಾರೆಂಬ ಮರ್ಯಾದೆ. ಕಡೆಗೆ ಎಲ್ಲರೂ ಅವ್ವನ ಕಡೆ ನೋಡಿದೆವು. ಅವ್ವ ಮಜ್ಜಿಗೆ ಕುಡಿದು ಲೋಟ ಇಟ್ಟಳು.

‘ನಂದು ಹೇಳಂಗಿಲ್ಲ.’

ನಮಗೆ ದಂಗು ಬಡಿದಂತಾಯಿತು. ಎಂಬತ್ತರ ಹತ್ತಿರದ ಅವ್ವ. ಒಡವೆಯಿಂದ ಹಿಡಿದು ಮೊಣಕಾಲು ನೋವಿನ ತನಕ ಅವಳದೆಲ್ಲ ಓಣಿಗೇ ಗೊತ್ತು. ಇವಳಿಗೇನು ಗುಟ್ಟು? ಮರುದಿನದಿಂದ ಅವಳು ಮಧ್ಯಾಹ್ನ ಹಿತ್ತಲಿಗೆ ಹೋಗಿ, ಪೇರಲ ಗಿಡದ ಕೆಳಗೆ ಕೂತು ಫೋನಿನಲ್ಲಿ ಏನೇನೋ ಮಾತಾಡಿ ರೆಕಾರ್ಡು ಮಾಡಿ, ತನ್ನ ಕೋಣೆಗೆ ಸೇರಿಸತೊಡಗಿದಳು. ಯಾರಾದರೂ ಹತ್ತಿರ ಹೋದರೆ ಗಪ್ಪು. ಸುಮಾಗೆ ನಿದ್ದೆ ಹತ್ತದು. ‘ಅತ್ತಿಯವರು ನನ್ನ ಬಗ್ಗೆನ ಹೇಳಾಕತ್ತಾರ. ನೀವು ಅಡ್ಮಿನ್ ಅದೀರಿ, ಒಮ್ಮೆ ತಗದು ನೋಡ್ರಿ.’

ನೋಡಬಹುದಿತ್ತು. ಅಡ್ಮಿನ್‌ಗೆ ಎಲ್ಲ ಕೋಣೆಗಳೂ ತೆರೆದೇ ಇರುತ್ತವೆ. ನನಗೂ ಕುತೂಹಲ, ಸುಳ್ಳೇಕೆ ಹೇಳಲಿ. ಕಂಪ್ಯೂಟರಿನ ಮುಂದೆ ಕೂತು ಇನ್ನೇನು ಅವ್ವನ ಹೆಸರು ಒತ್ತಬೇಕು, ಬೆನ್ನ ಹಿಂದೆ ಅವ್ವ.

‘ನಿನಗ ತಗಿಯಾಕ ಬರತೈತೇನ ತಮ್ಮಾ?’

‘ಬರತೈತಿ ಅವ್ವಾ.’

ಅವಳ ಮುಖ ಬಿಳಿಚಿಕೊಂಡಿತು. ಅವ್ವ ಅಷ್ಟು ಗಾಬರಿಯಾದದ್ದನ್ನು ನಾನು ಕಂಡೇ ಇರಲಿಲ್ಲ. ‘ಹಂಗಾರ ಇದು ಕೀಲಿ ಹೆಂಗಾತು?’ ಎಂದಳು. ‘ಲಗ್ನ ಆಗಿ ಬಂದಾಗಿಂದ ಈ ಮನಿ ಚಾವಿ ಎಲ್ಲಾ ನನ್ನ ಟೊಂಕದಾಗ ಇದ್ದುವು. ಅವು ತಗಿಯೂದ್ರಾಗ ನಂದು ಅನ್ನೂದು ಏನೂ ಇರಲಿಲ್ಲ. ಇದೊಂದ ನಂದು ಅನ್ಕೊಂಡಿದ್ದೆ.’

ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ಸೆಟ್ಟಿಂಗುಗಳನ್ನೆಲ್ಲ ಜಾಲಾಡಿ ಇನ್ನೊಂದು ಬಗೆಯ ಬೀಗ ಹುಡುಕಿದೆ. ಅದನ್ನು ಹಾಕಿದರೆ ಪಾಸ್‌ವರ್ಡ್ ಗೊತ್ತಿಲ್ಲದ ಅಡ್ಮಿನ್‌ಗೂ ಒಳಗಿನದು ಸಿಗದು. ಅವ್ವ ತನ್ನ ಗುಟ್ಟಿನ ಅಕ್ಷರಗಳನ್ನು ಒಂದೊಂದೇ ಒತ್ತುವಾಗ ನಾನು ಗೋಡೆಯ ಕಡೆ ಮುಖ ತಿರುಗಿಸಿ ಕೂತೆ. ಮುಗಿದ ಮೇಲೆ ಎಚ್ಚರಿಸಿದೆ.

‘ಅವ್ವಾ, ಇದನ್ನ ಮರತ್ರ ಯಾರಿಗೂ ತಗಿಯಾಕ ಬರಂಗಿಲ್ಲ. ಮುಂದ ಎಂದಾರ ನಿನ್ನ ದನಿ ಕೇಳಬೇಕು ಅನಿಸಿದ್ರೂ ನಮಗ ಸಿಗಂಗಿಲ್ಲ.’

ಅವ್ವ ನನ್ನನ್ನೇ ನೋಡಿದಳು. ಈ ಸಲ ಆಶ್ಚರ್ಯಪಟ್ಟವಳು ಅವಳು.

‘ನನ್ನ ದನಿ ಕೇಳಾಕ ಪಾಸ್‌ವರ್ಡ್ ಯಾಕ ಬೇಕೋ? ದಿನಾ ಹಿತ್ತಲದಾಗ ಇರತೇನಿ. ಬಂದು ಕುಂಡ್ರು.’